ಕಂಡದ್ದೆಷ್ಟು, ತುಂಬಿಕೊಂಡದ್ದೆಷ್ಟು?

ಕಿತ್ತೂರು ಕೋಟೆಯೊಳಗಿನ ಅರಮನೆಯಲ್ಲಿ ಉಳಿದಿರುವುದು ಮೊಂಡುಗೋಡೆಗಳು, ಕಂಬಗಳ ಬುಡ, ಚಾವಣಿಯಿಲ್ಲದ ಕೋಣೆಗಳು ಮಾತ್ರ. ಆದರೂ ಹೋಗಿ ಬಂದವರು ‘ಅರಮನೆ ನೋಡಿದೆವು’ ಎನ್ನುತ್ತಾರೆ. ಅದು ಸುಳ್ಳಲ್ಲ. ಮುರಿದ ಗೋಡೆಯ ಈ ಅಂಚಿಗೂ ಆ ಅಂಚಿಗೂ ನಡುವೆ ಗೆರೆ ಎಳೆದು ಕೂಡಿಸುವುದು ದೃಷ್ಟಿಯ ಹುಟ್ಟುಗುಣ.

ಅಷ್ಟೇಕೆ, ಪ್ರತಿಯೊಂದು ಕಣ್ಣಿನಲ್ಲೂ ಏನನ್ನೂ ಕಾಣದ ಒಂದು ಜಾಗವಿದೆ. ಫ್ರಾನ್ಸಿನ ಎಡ್ಮೆ ಮಾರಿಯೊಟ್ 1660ರ ದಶಕದಲ್ಲಿ ಇದನ್ನು ಪತ್ತೆಹಚ್ಚಿದ. ಸುಮಾರು ಹತ್ತು ಲಕ್ಷ ನರತಂತುಗಳು ಒಟ್ಟಾಗಿ ಮಿದುಳಿನತ್ತ ಹೊರಡುವ ಆ ಸ್ಥಳದಲ್ಲಿ ಬೆಳಕು ಹಿಡಿಯುವ ಕೋಶಗಳೇ ಇಲ್ಲ. ಪರೀಕ್ಷೆ ಸುಲಭ. ಎರಡೂ ಕೈ ಮುಂದೆ ಚಾಚಿ ಹೆಬ್ಬೆರಳುಗಳನ್ನು ಎತ್ತಿ ಹಿಡಿಯಿರಿ. ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಎಡ ಹೆಬ್ಬೆರಳನ್ನೇ ದಿಟ್ಟಿಸುತ್ತ ಬಲ ಹೆಬ್ಬೆರಳನ್ನು ಮೆಲ್ಲಗೆ ಬಲಕ್ಕೆ ಸರಿಸಿ. ಗೇಣಿಗಿಂತ ತುಸು ಕಡಿಮೆ ದೂರದಲ್ಲಿ ಅದರ ತುದಿ ಮಾಯವಾಗುತ್ತದೆ. ವಿಶೇಷವೆಂದರೆ ಅಲ್ಲಿ ಕಪ್ಪು ತೂತು ಕಾಣುವುದಿಲ್ಲ. ಹಿಂದಿನ ಗೋಡೆಯ ಬಣ್ಣವೇ ಅಲ್ಲಿಗೂ ಹರಡಿಕೊಂಡಿರುತ್ತದೆ. ಸುತ್ತಲಿದ್ದುದನ್ನೇ ತಂದು ಮಿದುಳು ತೇಪೆ ಹಾಕಿರುತ್ತದೆ, ನಮ್ಮನ್ನು ಕೇಳದೆ.

ಇಟಲಿಯ ಗಾಯೆತಾನೋ ಕಾನಿಝ್ಸಾ 1955ರಲ್ಲಿ, ಬರೆಯದೇ ಇದ್ದರೂ ಕಾಣುವ ತ್ರಿಕೋನವೊಂದನ್ನು ತೋರಿಸಿದ. ಇಂಥ ಇಲ್ಲದ ಅಂಚಿಗೂ ಮಂಗಗಳ ಮಿದುಳಿನ ದೃಷ್ಟಿಭಾಗದ ಕೆಲವು ಕೋಶಗಳು ಸ್ಪಂದಿಸುತ್ತವೆ ಎಂಬುದು 1984ರಲ್ಲಿ ಜ್ಯೂರಿಕ್‌ನ ವಿಜ್ಞಾನಿಗಳಿಗೆ ತಿಳಿಯಿತು.

ಇಷ್ಟು ಕಣ್ಣಿನ ಮಾತು. ತಿಳಿವಳಿಕೆಯ ಬಲದಿಂದ ತುಂಬುವುದು ಬೇರೆಯೇ ಬಗೆ. ಸವದತ್ತಿಯ ರಟ್ಟರ ಶಾಸನಗಳನ್ನು 1870ರ ದಶಕದಲ್ಲಿ ಪ್ರಕಟಿಸಿದ ಜೆ.ಎಫ್. ಫ್ಲೀಟ್‌ರಂಥವರಿಗೆ ಅದು ನಿತ್ಯದ ಕೆಲಸ. ಸವೆದ ಕಲ್ಲಿನಲ್ಲಿ ಅರ್ಧ ಅಕ್ಷರ ಕಂಡರೆ ಹಳಗನ್ನಡ ಬಲ್ಲ ಕಣ್ಣು ಉಳಿದರ್ಧವನ್ನು ಓದಿಯೇಬಿಡುತ್ತದೆ. ಓದಿದ್ದು ಸರಿಯೂ ಇರಬಹುದು, ತಪ್ಪೂ ಇರಬಹುದು. ಅದಕ್ಕಾಗಿಯೇ ಫ್ಲೀಟ್ 1888ರಲ್ಲಿ ಹೊರತಂದ ಗುಪ್ತರ ಶಾಸನ ಸಂಪುಟದಲ್ಲಿ ಮಾಸಿದ ಅಕ್ಷರಗಳನ್ನು ಚೌಕ ಆವರಣದೊಳಗೆ ಕೊಟ್ಟರು. ಕಲ್ಲು ಹೇಳಿದ್ದೆಷ್ಟು, ಓದಿದವರು ಸೇರಿಸಿದ್ದೆಷ್ಟು ಎಂದು ಮುಂದಿನವರು ತೂಗಿ ನೋಡಬಹುದು. ಚಿಕ್ಕ ಗುರುತು, ದೊಡ್ಡ ಪ್ರಾಮಾಣಿಕತೆ.

ಚಿತ್ರಗಳಿಗೆ ಇಂಥ ಗುರುತಿಲ್ಲ. ಕಿತ್ತೂರಿನ ಖಾಲಿ ಕೋಣೆಗಳಲ್ಲಿ ನಿಂತವರ ಮನಸ್ಸಿನಲ್ಲಿ ಮೂಡುವ ಚೆನ್ನಮ್ಮ ಕುದುರೆಯೇರಿ ಖಡ್ಗ ಹಿಡಿದ ತರುಣಿ. ಈ ರೂಪ ಹರಡಿದ್ದು ಪ್ರತಿಮೆ, ಕ್ಯಾಲೆಂಡರು ಮತ್ತು ಬಿ.ಆರ್. ಪಂತುಲು ಅವರ 1961ರ ಚಲನಚಿತ್ರದಿಂದ. ಚೆನ್ನಮ್ಮನಾಗಿ ನಟಿಸಿದ ಬಿ. ಸರೋಜಾದೇವಿ ಅವರಿಗೆ ಆಗ ಇಪ್ಪತ್ತಮೂರರ ಆಸುಪಾಸು. ರಾಣಿ ಹುಟ್ಟಿದ್ದು ಸಾಮಾನ್ಯವಾಗಿ ಒಪ್ಪಿರುವಂತೆ 1778ರಲ್ಲಿ. ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಬಾಗಿಲಲ್ಲಿ ಸತ್ತ 1824ರ ಅಕ್ಟೋಬರ್ 23ರಂದು ಆಕೆಗೆ ಸುಮಾರು 46 ವರ್ಷ. ಗಂಡನನ್ನೂ ಮಗನನ್ನೂ ಕಳೆದುಕೊಂಡು, ದತ್ತುಮಗನ ಹಕ್ಕಿಗಾಗಿ ಕಂಪನಿಯೊಡನೆ ಪತ್ರಗಳಲ್ಲಿ ವಾದಿಸಿದ ನಡುವಯಸ್ಸಿನ ಹೆಣ್ಣುಮಗಳು. ಆ ಮುಖ ನಮ್ಮ ಕಣ್ಣಿಗೆ ಕಟ್ಟುವುದೇ ಇಲ್ಲ. ಆ ಜಾಗದಲ್ಲಿ ಮತ್ತೊಂದು ಮುಖ ಆಗಲೇ ಕೂತಿದೆ.

ಅದೇ ಡಿಸೆಂಬರಿನಲ್ಲಿ ಕೋಟೆ ಬಿತ್ತು. ಆಮೇಲಿನ ನಾಲ್ಕು ವರ್ಷ ಬೈಲಹೊಂಗಲದ ಸೆರೆವಾಸ. ಅಲ್ಲಿನ ರಾಣಿಯ ಚಿತ್ರ ಕ್ಯಾಲೆಂಡರುಗಳಲ್ಲಿ ಅಪರೂಪ. 1829ರಲ್ಲಿ ಆಕೆ ಅಲ್ಲಿಯೇ ತೀರಿಕೊಂಡರು. ಸಮಾಧಿ ಇರುವುದೂ ಅದೇ ಊರಿನಲ್ಲಿ.