1540ನೆಯ ಇಸವಿಯ ದ್ರಾಕ್ಷಿ

ಈ ಬಾರಿಯ ವಿಷಯವನ್ನು ಕಂಡು ನೆಂಟರಿಷ್ಟರೂ ಹಳೆಯ ವಿದ್ಯಾರ್ಥಿಗಳೂ ಹುಬ್ಬೇರಿಸಬಹುದು. ಹೆಂಡದಂಗಡಿಯ ಬೀದಿಯಲ್ಲಿ ಮೂಗು ಮುಚ್ಚಿಕೊಂಡು ನಡೆಯುತ್ತಿದ್ದ ಮೇಷ್ಟ್ರು ವೈನಿನ ಚರಿತ್ರೆಯನ್ನು ಬರೆಯಹೊರಟಿದ್ದಾರೆಂದರೆ, ವಯಸ್ಸಾದ ಮೇಲೆ ಚಟ ಹಿಡಿಯಿತೇ ಎಂದು ಯಾರಾದರೂ ಕೇಳಿಯಾರು. ಹಾಗೇನೂ ಆಗಿಲ್ಲ. ನಾನು ಕುಡಿದವನಲ್ಲ, ಇನ್ನು ಮುಂದೆ ಕುಡಿಯುವವನೂ ಅಲ್ಲ. ಆದರೆ 2019ರಲ್ಲಿ ಮಗಳ ಮನೆಗೆಂದು ಫ್ರಾಂಕ್‌ಫರ್ಟಿಗೆ ಹೋಗಿದ್ದಾಗ ಒಂದು ಸಂಜೆ ಕಂಡದ್ದು, ಕೇಳಿದ್ದು ಇಂದಿಗೂ ಮನಸ್ಸಿನಲ್ಲಿದೆ. ಅದನ್ನು ಬರೆದಿಡಬೇಕೆನಿಸಿದೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಆ ಕಡೆ ಬಹಳ ವರ್ಷಗಳಿಂದ ನೆಲೆಸಿದ್ದಾನೆ. ರಸಾಯನಶಾಸ್ತ್ರ ಓದಿದವನು. ನಾನು ಬಂದಿರುವ ಸುದ್ದಿ ತಿಳಿದು, ರೈಲಿನಲ್ಲಿ ಒಂದು ಗಂಟೆಗೆ ತುಸು ಮಿಗಿಲಾದ ದೂರದಲ್ಲಿರುವ ವ್ಯುರ್ಟ್ಸ್‌ಬುರ್ಗ್ ಎಂಬ ಊರಿಗೆ ಕರೆದೊಯ್ದ. ಮೈನ್ ನದಿಯ ದಂಡೆಯ ಊರು. ನದಿಯ ಒಂದು ಮಗ್ಗುಲಿಗೆ ಬೆಟ್ಟದ ಮೇಲೆ ಕೋಟೆ, ಇನ್ನೊಂದು ಮಗ್ಗುಲಿಗೆ ಕಡಿದಾದ ಇಳಿಜಾರಿನ ತುಂಬ ದ್ರಾಕ್ಷಿಯ ಸಾಲುಗಳು. ಆ ಇಳಿಜಾರಿಗೆ 'ಸ್ಟೈನ್' ಎಂದು ಹೆಸರು. ಜರ್ಮನ್ ಭಾಷೆಯಲ್ಲಿ ಕಲ್ಲು ಎಂದರ್ಥ. ಸುಣ್ಣದಕಲ್ಲಿನ ನೆಲ, ದಕ್ಷಿಣಕ್ಕೆ ಮುಖ. ಹಗಲೆಲ್ಲ ಬಿಸಿಲುಂಡ ಕಲ್ಲು ಇರುಳಲ್ಲಿ ಆ ಕಾವನ್ನು ಬಳ್ಳಿಗೆ ಹಿಂತಿರುಗಿಸುತ್ತದೆ.

ಅಲ್ಲಿ ಅವನ ನಾಲ್ಕೈದು ಮಂದಿ ಗೆಳೆಯರು ಒಂದು ಮೇಜಿನ ಸುತ್ತ ಸೇರಿದ್ದರು. ಎಲ್ಲರೂ ವೈನಿನ ರುಚಿ ಬಲ್ಲವರು. ಒಂದೇ ತೋಟದ ಎರಡು ಬಾಟಲಿಗಳು: ಒಂದು ಹಿಂದಿನ ವರ್ಷದ್ದು, ಮತ್ತೊಂದು ಮೂವತ್ತು ವರ್ಷ ದಾಟಿದ್ದು. ಎರಡೂ ಸಿಲ್ವಾನರ್ ಎಂಬ ಬಿಳಿ ದ್ರಾಕ್ಷಿಯವು. ನಮ್ಮಲ್ಲಿ ಸಂಗೀತ ಕಛೇರಿ ಮುಗಿದ ಮೇಲೆ ಜಗುಲಿಯಲ್ಲಿ ಕುಳಿತು ಇಂಥವರ ತೋಡಿ ಹೆಚ್ಚೋ, ಅಂಥವರ ತೋಡಿ ಹೆಚ್ಚೋ ಎಂದು ವಾದಿಸುತ್ತಾರಲ್ಲ, ಅಂಥದೇ ವಾದ. ಎಳೆಯದರಲ್ಲಿ ಹಣ್ಣಿದೆ, ಹಳೆಯದರಲ್ಲಿ ಹಣ್ಣು ಹೋಗಿ ಬೇರೇನೋ ಬಂದಿದೆ ಎಂದು ಒಬ್ಬರೆಂದರೆ, ಬಂದಿರುವುದು ಮುಪ್ಪು ಮಾತ್ರ ಎಂದು ಇನ್ನೊಬ್ಬರು. ನನಗೂ ಎರಡು ಗ್ಲಾಸುಗಳನ್ನು ಇಟ್ಟು, ಕುಡಿಯದಿದ್ದರೆ ಬೇಡ, ಮೂಸಿಯಾದರೂ ನೋಡಿ ಎಂದರು. ಮೂಸಿ ನೋಡಿದೆ. ಮೊದಲನೆಯದರಲ್ಲಿ ಆಗತಾನೇ ಹೆಚ್ಚಿದ ಕಾಯಿಯ ವಾಸನೆ. ಎರಡನೆಯದರಲ್ಲಿ ಒಣಹುಲ್ಲಿನ ಬಣವೆ, ಜೇನುಮೇಣ, ಹಳೆಯ ಬೆಲ್ಲದ ಗಡಿಗೆ. ಇದು ಒಂದೇ ತೋಟದ್ದೆಂದು ನನ್ನ ಮೂಗು ನಂಬಲಿಲ್ಲ.

ಮಾತು 1540ರ ಕಡೆಗೆ ಹೊರಳಿದ್ದು ಆಗ. ಚರಿತ್ರೆಯ ಮೇಷ್ಟ್ರಿಗೆ ಇಸವಿ ಕಿವಿಗೆ ಬಿದ್ದೊಡನೆ ನಮ್ಮ ಕಡೆ ಆಗ ಏನಾಗುತ್ತಿತ್ತೆಂದು ಲೆಕ್ಕ ಹಾಕುವ ಅಭ್ಯಾಸ. 1540ರಲ್ಲಿ ಹಂಪೆಯ ಸಿಂಹಾಸನದಲ್ಲಿ ಅಚ್ಯುತದೇವರಾಯನಿದ್ದ. ಪುರಂದರದಾಸರು ಬದುಕಿದ್ದರು. ರಕ್ಕಸತಂಗಡಿಯ ಯುದ್ಧಕ್ಕೆ ಇನ್ನೂ 25 ವರ್ಷಗಳಿದ್ದವು. ಆ ವರ್ಷ ಮಧ್ಯ ಯುರೋಪಿನಲ್ಲಿ ಹಿಂದೆಂದೂ ಕಾಣದ ಬರಗಾಲ. ಸುಮಾರು ಹನ್ನೊಂದು ತಿಂಗಳು ಮಳೆಯೆಂಬುದು ಹೆಸರಿಗಷ್ಟೆ. ಬಾವಿಗಳು ಬತ್ತಿದವು, ಕಾಡುಗಳಿಗೆ ಬೆಂಕಿ ಬಿತ್ತು, ರೈನ್‌ನಂಥ ಮಹಾನದಿಯನ್ನು ಜನ ಕೆಲವೆಡೆ ನಡೆದು ದಾಟಿದರು. 2014ರಲ್ಲಿ ವಿದ್ವಾಂಸರ ಒಂದು ತಂಡ ಆ ಕಾಲದ 300ಕ್ಕೂ ಹೆಚ್ಚು ಬರೆಹಗಳನ್ನು, ಎಂದರೆ ದಿನಚರಿ, ಊರ ಲೆಕ್ಕಪತ್ರ ಮೊದಲಾದವುಗಳನ್ನು, ಕಲೆಹಾಕಿ ಈ ಬರದ ಚಿತ್ರವನ್ನು ಪ್ರಕಟಿಸಿತು. ಮನುಷ್ಯರಿಗೂ ದನಕರುಗಳಿಗೂ ಘೋರವಾಗಿದ್ದ ಆ ಬಿಸಿಲು ದ್ರಾಕ್ಷಿಗೆ ಮಾತ್ರ ವರವಾಯಿತು. ಹಣ್ಣು ಬಳ್ಳಿಯಲ್ಲಿಯೇ ಒಣದ್ರಾಕ್ಷಿಯಂತೆ ಸುಕ್ಕುಗಟ್ಟಿ ಸಕ್ಕರೆ ಕೂಡಿಕೊಂಡಿತು. ಸ್ಟೈನ್ ಇಳಿಜಾರಿನ ಆ ವರ್ಷದ ರಸವನ್ನು ಜೋಪಾನವಾಗಿ ಪೀಪಾಯಿಗೆ ತುಂಬಿಟ್ಟರು. (ಈಗ ಆ ಸೀಮೆಗೆ ಹೆಸರು ತಂದಿರುವ ಸಿಲ್ವಾನರ್ ಜರ್ಮನಿಯಲ್ಲಿ ದಾಖಲೆಗೆ ಸಿಗುವುದು 1659ರಲ್ಲಿ. ಆದ್ದರಿಂದ 1540ರದ್ದು ಅದೇ ತಳಿಯೆಂದು ಭಾವಿಸಬಾರದು.)

ಮುಂದೆ ಮೂವತ್ತು ವರ್ಷಗಳ ಯುದ್ಧ. 1631ರ ಅಕ್ಟೋಬರಿನಲ್ಲಿ ಸ್ವೀಡನ್ನಿನ ದೊರೆ ಗುಸ್ತಾವಸ್ ಅಡಾಲ್ಫಸ್ ವ್ಯುರ್ಟ್ಸ್‌ಬುರ್ಗನ್ನು ಹಿಡಿದ. ಕೋಟೆ ಲೂಟಿಯಾಯಿತು. ಆ ಸೈನಿಕರ ಕಣ್ಣಿಗೆ ಬೀಳದಂತೆ ಹಳೆಯ ವೈನನ್ನು ಬಚ್ಚಿಟ್ಟರೆಂದೂ, ಆದುದರಿಂದಲೇ ಅದರ ಪೀಪಾಯಿಗೆ 'ಸ್ವೀಡನ್ನರ ಪೀಪಾಯಿ' ಎಂಬ ಹೆಸರು ಬಂತೆಂದೂ ಊರಿನವರು ಹೇಳುತ್ತಾರೆ. ಎಷ್ಟೋ ಕಾಲದ ಮೇಲೆ ಅದು ಬಾಟಲಿಗಿಳಿಯಿತು, ಅರಮನೆಯ ನೆಲಮಾಳಿಗೆಯಲ್ಲಿ ಉಳಿಯಿತು, ಕೊನೆಗೆ ಕೆಲವು ಬಾಟಲಿಗಳು ಲಂಡನ್ನಿಗೆ ಹೋದವು.

1961ರಲ್ಲಿ ಲಂಡನ್ನಿನ ವೈನ್ ವರ್ತಕರೊಬ್ಬರಲ್ಲಿ ಕೆಲವು ರಸಿಕರು ಸೇರಿ ಅದನ್ನು ತೆರೆದರು. ಅವರಲ್ಲಿ ಹ್ಯೂ ಜಾನ್ಸನ್ ಎಂಬ ತರುಣನಿದ್ದ. ಮುಂದೆ ವೈನಿನ ಚರಿತ್ರಕಾರನಾಗಿ ಲೋಕಪ್ರಸಿದ್ಧನಾದವನು. ಅವನು ಬರೆದಿಟ್ಟುದರಿಂದ ನಮಗೆ ಈ ಸಂಗತಿ ತಿಳಿದಿದೆ. ಮೊದಲು 1857ರ ಮತ್ತು 1820ರ ಎರಡು ಹೆಸರಾಂತ ರೈನ್ ಸೀಮೆಯ ವೈನುಗಳನ್ನು ತೆರೆದರು. ಎರಡೂ ಸತ್ತಿದ್ದವು, ಬಣ್ಣವೂ ಇಲ್ಲ, ಕೊಳೆತ ವಾಸನೆ. ಇವೇ ಹೀಗಾದರೆ 421 ವರ್ಷದ್ದು ಏನಾಗಿರಬೇಡ ಎಂದುಕೊಂಡು ಕೊನೆಯದನ್ನು ತೆರೆದರೆ, ಕಂದು ಬಣ್ಣದ ಆ ದ್ರವ ಇನ್ನೂ ಜೀವಂತವಾಗಿತ್ತು. ಯಾವ ನಾಡಿನದೆಂಬ ಸುಳಿವು ಸಹ ಅದರಲ್ಲಿತ್ತಂತೆ. ಒಂದೆರಡು ಗುಟುಕು ಅಷ್ಟೆ. ಗಾಳಿ ತಾಕಿದ್ದೇ ತಡ, ಅವರ ಕೈಯಲ್ಲಿನ ಗ್ಲಾಸಿನಲ್ಲಿಯೇ ಅದು ಹುಳಿಯಾಗಿ ಹೋಯಿತು.

ಈ ಪ್ರಸಂಗವನ್ನು ಕೇಳಿದಾಗ ನನಗೆ ರೋಮಿನ ಪ್ಲಿನಿ ನೆನಪಾದ. ಕ್ರಿ.ಪೂ. 121ರಲ್ಲಿ, ಒಪಿಮಿಯಸ್ ಎಂಬಾತ ಕಾನ್ಸಲ್ ಆಗಿದ್ದ ವರ್ಷ, ಇಟಲಿಯಲ್ಲಿಯೂ ಹೀಗೆಯೇ ಬಿಸಿಲು ಹಣ್ಣನ್ನು ಬೇಯಿಸಿತ್ತು. ಆ ವರ್ಷದ ವೈನು ತನ್ನ ಕಾಲಕ್ಕೂ, ಎಂದರೆ ಸುಮಾರು ಇನ್ನೂರು ವರ್ಷಗಳ ಅನಂತರವೂ, ಉಳಿದಿದೆ ಎಂದು ಪ್ಲಿನಿ ಬರೆಯುತ್ತಾನೆ. ಆದರೆ ಅದು ಕಹಿಜೇನಿನಂತೆ ಗಟ್ಟಿಯಾಗಿ, ಹಾಗೆಯೇ ಕುಡಿಯಲಾಗದೆ, ಬೇರೆ ವೈನಿಗೆ ಚೂರು ಬೆರೆಸಲು ಮಾತ್ರ ಬರುತ್ತಿತ್ತಂತೆ. ರೋಮನ್ನರು ಹಳೆಯದನ್ನೇ ಮೆಚ್ಚುವವರು. ಕ್ರಿ.ಶ. 200ರ ಆಸುಪಾಸಿನಲ್ಲಿ ಅಥೀನಿಯಸ್ ಬರೆದ ಔತಣಕೂಟದ ಗ್ರಂಥದಲ್ಲಿ ಪಂಡಿತರು ಊಟಕ್ಕೆ ಕುಳಿತು ಚರ್ಚಿಸುವುದು ಇದನ್ನೇ: ಫಲೆರ್ನಿಯನ್ ಹತ್ತು ವರ್ಷಕ್ಕೆ ಕುಡಿಯಲು ಯೋಗ್ಯ, ಹದಿನೈದರಿಂದ ಇಪ್ಪತ್ತರಲ್ಲಿ ಅತ್ಯುತ್ತಮ, ಅದರಾಚೆಗೆ ತಲೆನೋವು, ಸೊರೆಂಟೋದ್ದು ಇಪ್ಪತ್ತೈದರ ಮುನ್ನ ಬಾಯಿಗಿಡಬಾರದು. ಅದೇ ಸೊರೆಂಟೋದ ವೈನು ಕುಲೀನ ಹುಳಿನೀರಷ್ಟೇ, ವೈದ್ಯರು ಒಟ್ಟುಗೂಡಿ ಅದಕ್ಕೆ ಹೆಸರು ತಂದಿದ್ದಾರೆ ಎಂದು ಚಕ್ರವರ್ತಿ ಟೈಬೀರಿಯಸ್ ಮೂದಲಿಸಿದ್ದನಂತೆ! ವೈದ್ಯ ಗ್ಯಾಲೆನ್ ಚಕ್ರವರ್ತಿಯ ಔಷಧಿಗಾಗಿ ಅರಮನೆಯ ಉಗ್ರಾಣಕ್ಕಿಳಿದು, ಭರಣಿಗಳ ಮೇಲಿನ ಇಸವಿಗಳನ್ನು ಓದುತ್ತ, ಇಪ್ಪತ್ತು ವರ್ಷ ಮೀರಿದ ಫಲೆರ್ನಿಯನ್ನುಗಳನ್ನು ಒಂದೊಂದಾಗಿ ಸವಿಯುತ್ತ, ಕಹಿಯೇ ಇಲ್ಲದ ಒಂದು ಸಿಗುವವರೆಗೆ ನಿಲ್ಲಲಿಲ್ಲ. ಇಟಲಿಯ ವೈನು ಆ ಕಾಲದಲ್ಲಿ ನಮ್ಮ ಪಶ್ಚಿಮ ಕರಾವಳಿಗೂ ಬರುತ್ತಿತ್ತು. ಎರಿತ್ರಿಯನ್ ಸಮುದ್ರದ ಪೆರಿಪ್ಲಸ್ ಗ್ರಂಥದಲ್ಲಿ ಭರುಕಚ್ಛದ ಬಂದರಿಗೆ ಇಳಿಯುತ್ತಿದ್ದ ಸರಕುಗಳ ನಡುವೆ ಅದರ ಹೆಸರಿದೆ.

ರೋಮಿನ ಆಳ್ವಿಕೆ ಕುಸಿದ ಮೇಲೆ ಈ ವಿದ್ಯೆ ಮರೆಯಾಯಿತು. ಬಿಗಿಯಾಗಿ ಮುಚ್ಚಿದ ಮಣ್ಣಿನ ಭರಣಿ ಹೋಗಿ ಮರದ ಪೀಪಾಯಿ ಬಂತು. ಪೀಪಾಯಿ ಸಾಗಿಸಲು ಸುಲಭ; ಆದರೆ ಮರ ಉಸಿರಾಡುತ್ತದೆ. ಒಳಗಿನದು ಆವಿಯಾಗಿ ತಗ್ಗಿದಷ್ಟೂ ಗಾಳಿ ಸೇರಿ ಹುಳಿಗಟ್ಟುತ್ತದೆ. ಹೀಗಾಗಿ ಮಧ್ಯಯುಗದ ಲಂಡನ್ನಿನಲ್ಲಿ ಬೋರ್ಡೋದಿಂದ ಹೊಸ ವೈನಿನ ಹಡಗುಗಳು ಬಂದೊಡನೆ ಹಿಂದಿನ ವರ್ಷದ್ದರ ಬೆಲೆ ಬಿದ್ದುಹೋಗುತ್ತಿತ್ತು. ಈಗ ಹಳತಾದಷ್ಟೂ ಬೆಲೆಯೇರುತ್ತದೆಂದು ಭಾವಿಸುವವರು ಇದನ್ನು ಗಮನಿಸಬೇಕು. ಮತ್ತೆ ಗಾಳಿ ತೂರದ ಪಾತ್ರೆ ಸಿಕ್ಕಿದ್ದು 17ನೆಯ ಶತಮಾನದ ಇಂಗ್ಲೆಂಡಿನಲ್ಲಿ, ಅದೂ ಒಂದು ಬಗೆಯಲ್ಲಿ ಹಡಗುಗಳ ದೆಸೆಯಿಂದ. ನೌಕಾಪಡೆಗೆ ಮರ ಉಳಿಯಬೇಕೆಂದು 1615ರಲ್ಲಿ ದೊರೆ ಒಂದನೆಯ ಜೇಮ್ಸ್ ಗಾಜಿನ ಕುಲುಮೆಗಳಲ್ಲಿ ಸೌದೆ ಸುಡಬಾರದೆಂದು ಆಜ್ಞೆ ಹೊರಡಿಸಿದ. ಗಾಜಿನವರು ಕಲ್ಲಿದ್ದಲಿಗೆ ತಿರುಗಿದರು. ಕಾವು ಹೆಚ್ಚಿತು, ಗಾಜು ದಪ್ಪಗಾಗಿ ಗಟ್ಟಿಯಾಯಿತು. ಅದರ ಬಾಯಿಗೆ ಕಾರ್ಕಿನ ಬಿರಡೆ ಬಂತು. 18ನೆಯ ಶತಮಾನದಲ್ಲಿ ಬಾಟಲಿ ಉರುಳೆಯಾಕಾರ ತಳೆದು ಮಲಗಿಸಿಡಲು ಬಂದಿತು. ಮಲಗಿಸಿದರೆ ಕಾರ್ಕು ಒದ್ದೆಯಾಗಿಯೇ ಉಳಿದು ಗಾಳಿಯನ್ನು ತಡೆಯುತ್ತದೆ. ಹಳೆಯ ವೈನಿನ ಮೋಹ ಯುರೋಪಿನಲ್ಲಿ ಎರಡನೆಯ ಬಾರಿ ಹುಟ್ಟಿದ್ದು ಹೀಗೆ.

ಮೋಹವಿದ್ದಲ್ಲಿ ಮೋಸವೂ ಇರುತ್ತದೆ. 1985ರಲ್ಲಿ ಲಂಡನ್ನಿನ ಹರಾಜಿನಲ್ಲಿ 1787ರದ್ದೆಂದು ಹೇಳಲಾದ, ಅಮೆರಿಕದ ಅಧ್ಯಕ್ಷ ಜೆಫರ್ಸನ್ನನ ಹೆಸರಿನ ಮೊದಲಕ್ಷರಗಳನ್ನು ಕೊರೆದಿದ್ದ ಒಂದು ಬಾಟಲಿ 1,05,000 ಪೌಂಡಿಗೆ ಹೋಯಿತು. ಅದೇ ಮೂಲದಿಂದ ಬಂದ ಅಂಥವೇ ಬಾಟಲಿಗಳ ಮೇಲಿನ ಅಕ್ಷರಗಳು ಈಚಿನ ವಿದ್ಯುತ್ ಉಪಕರಣದಿಂದ ಕೊರೆದವು ಎಂದು ತಜ್ಞರು ಮುಂದೆ ಹೇಳಿದರು. ವಿಷಯ ನ್ಯಾಯಾಲಯಕ್ಕೂ ಹೋಯಿತು. ಒಳಗಿನದನ್ನು ಪರೀಕ್ಷಿಸಲು ಸೀಸಿಯಂ-137 ಎಂಬ ವಿಕಿರಣ ವಸ್ತುವನ್ನು ಹುಡುಕುವ ಉಪಾಯವಿದೆ. ಅಣುಬಾಂಬಿಗೆ ಮುಂಚಿನ ವೈನಿನಲ್ಲಿ ಅದು ಇರುವುದಿಲ್ಲ. ಆದರೆ ಅದರಿಂದ 1945ಕ್ಕೆ ಮುಂಚಿನದು ಎನ್ನಬಹುದೇ ಹೊರತು 1787ರದ್ದು ಎನ್ನಲಾಗದು. ತಾಮ್ರಶಾಸನಗಳಲ್ಲಿ ಕೂಟಶಾಸನಗಳನ್ನು ಬೇರ್ಪಡಿಸುವ ಕಷ್ಟವನ್ನು ಬಲ್ಲವರಿಗೆ ಇದು ಹೊಸದಲ್ಲ.

ಹಾಗಾದರೆ 1540ರದ್ದು? ನಾನು ಆ ಮೇಜಿನಲ್ಲಿ ಕೇಳಿದ ಪ್ರಶ್ನೆ ಅದೇ. ಪೀಪಾಯಿಯಲ್ಲಿ ಅಷ್ಟು ಕಾಲ ಇಟ್ಟಿದ್ದರೆ ತಗ್ಗಿದ್ದನ್ನು ಬೇರೆ ವೈನಿನಿಂದ ಮತ್ತೆ ಮತ್ತೆ ತುಂಬಿರಲೇಬೇಕಲ್ಲವೆ? ಹಾಗಿದ್ದಲ್ಲಿ ಲಂಡನ್ನಿನವರು ಕುಡಿದದ್ದರಲ್ಲಿ 1540 ಎಷ್ಟು ಪಾಲು? ಒಬ್ಬರು ನಕ್ಕರು, ಒಬ್ಬರು ಸ್ವಲ್ಪ ಮುನಿಸಿಕೊಂಡರು. ಉತ್ತರ ಕೊಟ್ಟವನು ನನ್ನ ವಿದ್ಯಾರ್ಥಿ. "ತುಂಬಿಯೇ ಇರುತ್ತಾರೆ, ಸಾರ್. ತುಂಬದಿದ್ದರೆ ಉಳಿಯುತ್ತಲೇ ಇರಲಿಲ್ಲ. ಪೀಪಾಯಿಗೆ ಗಂಧಕದ ಹೊಗೆಯನ್ನೂ ಹಾಕುತ್ತಿದ್ದರು. ನಮ್ಮಪ್ಪ ಮಡಕೆಗೆ ಸುಣ್ಣ ಬಳಿಯುತ್ತಿದ್ದರಲ್ಲ, ಅದೂ ಇದೇ ಕೆಲಸ."

ಇಲ್ಲಿ ನಾನು ಒಂದು ಮಾತನ್ನು ಹೇಳಬೇಕು. ಅವನ ತಂದೆ ಈಚಲು ಮರದಿಂದ ಹೆಂಡ ಇಳಿಸುತ್ತಿದ್ದವರು. 1979ರಲ್ಲಿ ಅವನು ಎಂಟನೆಯ ತರಗತಿಯಲ್ಲಿದ್ದಾಗ, ಒಂದು ಬೆಳಿಗ್ಗೆ ತಂದೆಗೆ ನೆರವಾಗಿ ನೇರವಾಗಿ ಶಾಲೆಗೆ ಬಂದಿದ್ದ. ಅಂಗಿಯಿಂದ ವಾಸನೆ ಬರುತ್ತಿದೆಯೆಂದು ನಾನು ಎಲ್ಲರೆದುರು ಹೇಳಿ ಅವನನ್ನು ಹೊರಗೆ ನಿಲ್ಲಿಸಿದೆ. ಆ ದಿನದ ಪಾಠ ರೋಮ್ ಸಾಮ್ರಾಜ್ಯ. ರೋಮನ್ನರ ದ್ರಾಕ್ಷಾರಸವನ್ನು ಅವರ ನಾಗರಿಕತೆಯ ಹೆಗ್ಗಳಿಕೆಗಳಲ್ಲಿ ಒಂದೆಂದು ಬಣ್ಣಿಸಿದ್ದೇನೆ, ಹೊರಗೆ ಜಗುಲಿಯಲ್ಲಿ ಆ ಹುಡುಗ ನಿಂತಿದ್ದಾನೆ.

ಅವನು ಆ ಸಂಜೆ ಗೆಳೆಯರಿಗೆ ಜರ್ಮನ್ನಿನಲ್ಲಿ, ನನಗೆ ನಮ್ಮೂರಿನ ಕನ್ನಡದಲ್ಲಿ ವಿವರಿಸಿದ. ಸೂರ್ಯ ಹುಟ್ಟುವ ಮೊದಲು ಇಳಿಸಿದ ನೀರಾ ಬರಿಯ ಸಿಹಿ. ಬಿಸಿಲೇರುತ್ತ ಅದು ಹೆಂಡವಾಗುತ್ತದೆ. ಸಂಜೆಗೆ ಹುಳಿ, ಮರುದಿನ ಬಾಯಿಗಿಡಲಾಗದು. ಮಡಕೆಗೆ ಒಳಗೆ ಸುಣ್ಣ ಬಳಿದರೆ ಹುಳಿಯುವುದು ತಡವಾಗುತ್ತದೆ. ಹಳೆಯ ಗಷ್ಟು ತೊಳೆಯದೆ ಬಿಟ್ಟರೆ ಬೇಗ ಆಗುತ್ತದೆ. ಯಾವ ಹೊತ್ತಿಗೆ ಯಾವ ಹದವೆಂದು ಅವನ ತಂದೆ ನೊರೆಯ ಸದ್ದಿನಿಂದಲೇ ಹೇಳುತ್ತಿದ್ದರಂತೆ. "ಎಳೆಯದು, ಬಲಿತದ್ದು, ಸತ್ತದ್ದು, ಎಲ್ಲವನ್ನೂ ನಮ್ಮಪ್ಪ ಒಂದು ಹಗಲಿನಲ್ಲಿ ಕಾಣುತ್ತಿದ್ದರು, ಸಾರ್. ಇವರಿಗೆ ಅದಕ್ಕೆ ನಾನೂರು ವರ್ಷ ಹಿಡಿಯಿತು." ಮೇಜಿನ ಸುತ್ತಲಿದ್ದವರು ಸುಣ್ಣದ ವಿಷಯವನ್ನು ಮತ್ತೆ ಮತ್ತೆ ಕೇಳಿದರು. ಒಬ್ಬರು ಬರೆದುಕೊಂಡರು. ಅವನ ತಂದೆ ನನ್ನ ಶಾಲೆಯಿಂದ ಅರ್ಧ ಮೈಲಿ ದೂರದಲ್ಲಿದ್ದರು. ನಾನು ಒಂದು ದಿನವೂ ಏನನ್ನೂ ಕೇಳಿರಲಿಲ್ಲ.

ಹಿಂತಿರುಗುವಾಗ ರೈಲಿನಲ್ಲಿ, ಆ ದಿನ ನೆನಪಿದೆಯೇನಯ್ಯಾ ಎಂದು ಕೇಳಿದೆ. "ನೆನಪಿದೆ ಸಾರ್" ಎಂದ. ನಾನು ತಪ್ಪಾಯಿತೆಂದೆ. ಅವನು ಕಿಟಕಿಯ ಕಡೆ ನೋಡುತ್ತಿದ್ದು, ಸ್ವಲ್ಪ ಹೊತ್ತಿನ ಮೇಲೆ, "ಅಪ್ಪನಿಗೆ ನಾನು ಹೇಳಲಿಲ್ಲ. ಹೇಳಿದ್ದರೆ ಶಾಲೆ ಬಿಡಿಸುತ್ತಿದ್ದರು" ಎಂದ. ತಂದೆ ತೀರಿಕೊಂಡು ಬಹಳ ವರ್ಷವಾಯಿತಂತೆ.

1540ರ ಒಂದು ಬಾಟಲಿ ಇಂದಿಗೂ ವ್ಯುರ್ಟ್ಸ್‌ಬುರ್ಗಿನಲ್ಲಿಯೇ, ಬ್ಯುರ್ಗರ್‌ಶ್ಪಿಟಾಲ್ ಎಂಬ ಹಳೆಯ ಧರ್ಮಸಂಸ್ಥೆಯ ನೆಲಮಾಳಿಗೆಯಲ್ಲಿದೆ. ಅದನ್ನು ನೋಡಲು ನಮಗೆ ಆ ದಿನ ಹೊತ್ತು ಸಾಲಲಿಲ್ಲ. ಇದನ್ನು ಬರೆಯಲೇ ಎಂದು ಅವನನ್ನು ಕೇಳಿದಾಗ, ಬರೆಯಿರಿ, ಹೆಸರು ಮಾತ್ರ ಬೇಡ ಎಂದ. ಬರೆದಿಲ್ಲ. ಆ ವರ್ಷ ಎಂಟನೆಯ ತರಗತಿಯಲ್ಲಿದ್ದವರಿಗೆ ಅವನು ಯಾರೆಂದು ಗೊತ್ತಾಗಿರುತ್ತದೆ.