ಸ್ಟಿಯರಿಂಗ್ ಕಾಲಮ್, ಹಳೆಯ ಅಮೆರಿಕನ್ ಕಾರುಗಳ

ಸ್ಟಿಯರಿಂಗ್ ಚಕ್ರವನ್ನು ಕೆಳಗಿನ ಸ್ಟಿಯರಿಂಗ್ ಬಾಕ್ಸ್‌ಗೆ ಸೇರಿಸುವ ದಂಡ ಮತ್ತು ಅದರ ಹೊರಕೊಳವೆ. ಭಾರತದಲ್ಲಿ ಅಸಲಿ ಭಾಗ ಗುರುತಿಸುವಾಗ ಮೊದಲು ನೋಡಬೇಕಾದದ್ದು ಬಲಬದಿ ಚಾಲನೆ. ಜನರಲ್ ಮೋಟಾರ್ಸ್ 1928ರಿಂದ ಮುಂಬಯಿಯಲ್ಲಿ ಷೆವರ್ಲೆಗಳನ್ನು, ಪ್ರೀಮಿಯರ್ ಆಟೊಮೊಬೈಲ್ಸ್ 1940ರ ದಶಕದ ಕೊನೆಯಿಂದ ಕುರ್ಲಾದಲ್ಲಿ ಡಾಡ್ಜ್, ಪ್ಲಿಮತ್, ಡಿಸೊಟೊಗಳನ್ನು ಜೋಡಿಸಿದವು. ಇವುಗಳಲ್ಲಿ ಗೇರ್ ಲಿವರ್ ಕಾಲಮ್ ಮೇಲಿದ್ದರೆ ಅದು ಎಡಕ್ಕಿರುತ್ತದೆ. ಅಮೆರಿಕದಿಂದಲೇ ತರಿಸಿದ್ದರಲ್ಲಿ ಬಲಕ್ಕೆ. ಎಷ್ಟು ಹೊಳೆದರೂ ಎರಡನೆಯದು ಇಲ್ಲಿನ ಕಾರಿಗೆ ಒಗ್ಗದು.

ಕಾಲ ತಿಳಿಯಲು ಬೇರೆ ಗುರುತುಗಳಿವೆ. ಗೇರ್ ಲಿವರ್ ನೆಲದಿಂದ ಕಾಲಮ್‌ಗೆ ಏರಿದ್ದು 1930ರ ದಶಕದ ಕೊನೆಗೆ. ಅಪಘಾತದಲ್ಲಿ ಕುಗ್ಗುವ ಕಾಲಮ್ 1967ರ ಮಾದರಿಗಳಲ್ಲಿ ಬಂತು. ಜನರಲ್ ಮೋಟಾರ್ಸ್ ಕಾರುಗಳಲ್ಲಿ ಇಗ್ನಿಷನ್ ಕೀಲಿ ಅಲ್ಲಿಗೆ ಸೇರಿದ್ದು 1969ರಲ್ಲಿ.

ಲೋಹದ ಮೇಲೆ ಉಬ್ಬಿರುವ ಎರಕದ ಸಂಖ್ಯೆ ಪಾರ್ಟ್ಸ್ ಪುಸ್ತಕದ ಸಂಖ್ಯೆಗೆ ತಾಳೆಯಾಗಬೇಕೆಂದಿಲ್ಲ. ಅಷ್ಟಕ್ಕೇ ಭಾಗ ನಕಲಿಯೆನ್ನಲಾಗದು. ಕಾಪು, ಉಡುಪಿ ಕಡೆ ಉಪ್ಪುಗಾಳಿಗೆ ತುಕ್ಕು ಬೇಗ ಹಿಡಿಯುತ್ತದೆ. ಪರ್ಕಳದಂಥ ಒಳಊರಿನಲ್ಲೂ ಮಳೆಗಾಲದ ತೇವ ಕಡಿಮೆಯೇನಲ್ಲ. ಸಂಖ್ಯೆಯನ್ನು ಉಜ್ಜುಕಾಗದದಿಂದ ತಿಕ್ಕುವುದು ಸಾಕ್ಷ್ಯವನ್ನೇ ಅಳಿಸಿದಂತೆ; ಸೀಮೆಎಣ್ಣೆ, ಮೆತ್ತನೆಯ ಬ್ರಷ್ ಸಾಕು. ಕರಾವಳಿಯವರಿಗೆ ಹಳೆಯ ಕಾರುಗಳನ್ನು ನೋಡಲು ಹತ್ತಿರದ ದೊಡ್ಡ ಸಂಗ್ರಹ ಧರ್ಮಸ್ಥಳದಲ್ಲಿದೆ.