ಹೆಬ್ಬಾಳದ ಕಿತ್ತಯ್ಯ: ನೆಲೆ ಬಿಡದ ಶಾಸನ

ಬಿ.ಎಲ್. ರೈಸ್ ಅವರು ಬೆಂಗಳೂರು ಜಿಲ್ಲೆಯ ಶಾಸನಗಳನ್ನು 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೆಯ ಸಂಪುಟವಾಗಿ ಪ್ರಕಟಿಸಿದರು. ಅಲ್ಲಿ ದಾಖಲಾದ ಹಲವು ಕಲ್ಲುಗಳು ನಗರದ ಬೆಳವಣಿಗೆಯಲ್ಲಿ ಕಣ್ಮರೆಯಾಗಿವೆ. 2018ರಲ್ಲಿ ಹೆಬ್ಬಾಳದ ಕಾಮಗಾರಿಯೊಂದರ ವೇಳೆ ದೊರೆತ, ಗಂಗ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲಿಗೆ ಆ ಗತಿ ಒದಗಲಿಲ್ಲ. ಆಸಕ್ತ ನಾಗರಿಕರು ಅದರ ಮಹತ್ವವನ್ನು ಗುರುತಿಸಿದರು. ಊರಿನವರು ಅಲ್ಲಿಯೇ ಉಳಿಸಿಕೊಂಡು ಮಂಟಪ ಕಟ್ಟಲು ಮುಂದಾದರು.

1909ರಲ್ಲಿ ಸ್ಥಾಪಿತವಾದ ಮಿಥಿಕ್ ಸೊಸೈಟಿಯು ಇಂತಹ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿಸಿ ಡಿಜಿಟಲ್ ಪ್ರತಿಗಳನ್ನು ಸಿದ್ಧಪಡಿಸುತ್ತಿದೆ. ಗಣಕದ ತೆರೆಯ ಮೇಲೆ ಬೆಳಕಿನ ಕೋನವನ್ನು ಬದಲಿಸಿದಾಗ ಸವೆದ ಅಕ್ಷರಗಳೂ ಸ್ಫುಟಗೊಳ್ಳುತ್ತವೆ. ಪಾಠಪರಿಷ್ಕರಣೆಗೆ ಇದು ಹೊಸ ಆಕರ. ಆದರೂ ಶಾಸನೋಕ್ತ ಪೆರ್ಬೊೞಲ್‌ ನಾಡೇ ಇಂದಿನ ಹೆಬ್ಬಾಳವೆಂಬುದಕ್ಕೆ ಕಲ್ಲು ತನ್ನ ನೆಲದಲ್ಲಿ ನಿಂತಿರುವುದೇ ಸಾಕ್ಷಿ. ಅದನ್ನು ಕಾಯುವ ಹೊಣೆ ಊರಿನವರದು. ಓದುವ ಹೊಣೆ ವಿದ್ವಾಂಸರದು.